ಕೆಂಪು ಶಾಯಿ, ರವದಿ ಮತ್ತು ‘ಆಡಾಡತ ಆಯುಷ್ಯ’

‘ಪಠ್ಯಗಳ ಓದು ಮತ್ತು ಚಿಂತನೆ’ ಎಂಬ ವಿಷಯದ ನಿಯೋಜಿತ ಕಾರ್ಯಕ್ಕಾಗಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಪಠ್ಯಕ್ರಮದ ಹೊರಗಿನ ಒಂದು ಪುಸ್ತಕ ಓದಿ ತನ್ನ ಪ್ರತಿಕ್ರಿಯೆ ಬರೆಯಬೇಕು. ಲೇಖಕರ ಜನನ, ಕೃತಿಗಳ ಪಟ್ಟಿ, ಪ್ರಶಸ್ತಿಗಳ ವಿವರ ಬೇಡ, ಓದುವಾಗ ನಿಮಗೆ ಏನಾಯಿತೋ ಅದನ್ನು ಬರೆಯಿರಿ ಎಂದು ನಮ್ಮ ಮೇಡಂ ಮೊದಲೇ ಹೇಳಿದ್ದರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಬಂದ ನನಗೆ ಈ ಎಚ್ಚರಿಕೆಯೇ ದೊಡ್ಡ ತೊಂದರೆಯಾಯಿತು. ಪಟ್ಟಿ ಕೇಳಿದ್ದರೆ ಒಂದು ಸಂಜೆಯಲ್ಲಿ ಮುಗಿಸುತ್ತಿದ್ದೆ.

ನಿಜ ಹೇಳಬೇಕೆಂದರೆ ಮೊದಲ ಸೆಮಿಸ್ಟರಿನಲ್ಲಿ ನಾನು ಬರೆದ ಯಾವ ರೆಕಾರ್ಡೂ ಪೂರ್ತಿ ನನ್ನದಲ್ಲ. ಹಿಂದಿನ ಬ್ಯಾಚಿನ ಅಕ್ಕನೊಬ್ಬರ ಪಾಠಯೋಜನೆಯ ಪುಸ್ತಕವನ್ನು ಮುಂದಿಟ್ಟುಕೊಂಡು, ದಿನಾಂಕ ಮತ್ತು ಶಾಲೆಯ ಹೆಸರು ಬದಲಿಸಿ ಬರೆದವಳು ನಾನು. ‘ವಿದ್ಯಾರ್ಥಿಗಳು ಉತ್ಸಾಹದಿಂದ ಉತ್ತರಿಸುವರು’ ಎಂಬ ಸಾಲನ್ನು ಮಕ್ಕಳ ಮುಖ ನೋಡುವ ಮೊದಲೇ ಹದಿನೈದು ಸಲ ಬರೆದಿದ್ದೆ. ಪದವಿಯಲ್ಲೂ ಹೀಗೆಯೇ. ಪ್ರಯೋಗಶಾಲೆಯ ರೆಕಾರ್ಡಿನ ‘ವೀಕ್ಷಣೆ’ ಎಂಬ ಕಡೆ ನಾನು ನೋಡಿದ್ದನ್ನು ಬರೆದದ್ದು ಕಡಿಮೆ. ಬರಬೇಕಾದ ಉತ್ತರವನ್ನು ಬರೆದದ್ದೇ ಹೆಚ್ಚು.

ಗ್ರಂಥಾಲಯದಲ್ಲಿ ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ವನ್ನು ಆರಿಸಿಕೊಂಡದ್ದಕ್ಕೆ ಹೆಸರೇ ಕಾರಣ. ಅದು ಬೇಂದ್ರೆಯವರ ಕವಿತೆಯಿಂದ ಬಂದ ಮಾತೆಂದು ಆಮೇಲೆ ತಿಳಿಯಿತು. ಅವತ್ತು ನನಗೆ ಅದು ನಮ್ಮವ್ವ ಆಡುವ ಮಾತಿನ ಹಾಗೆ ಕೇಳಿಸಿತು, ಅಷ್ಟೇ. ಪುಸ್ತಕದ ಹೊದಿಕೆಯ ಮೇಲೆ ಇಂಥ ಮಾತು ಅಚ್ಚಾಗಬಹುದು ಎಂದು ನಾನು ಎಣಿಸಿರಲಿಲ್ಲ. 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಈ ಆತ್ಮಕಥೆ ಕಾರ್ನಾಡರ ಬದುಕಿನ ಮೊದಲ ಅರ್ಧವನ್ನು ಹೇಳುತ್ತದೆ. 2019ರಲ್ಲಿ ಅವರು ತೀರಿಕೊಂಡರು.

ಪುಸ್ತಕ ಶುರುವಾಗುವ ರೀತಿಗೇ ನಾನು ಬೆಚ್ಚಿದೆ. ತಾನು ಹೊಟ್ಟೆಯಲ್ಲಿದ್ದಾಗ ತಾಯಿತಂದೆ ಈ ಮಗು ಬೇಡವೆಂದುಕೊಂಡು ಪುಣೆಯ ವೈದ್ಯೆಯೊಬ್ಬರಲ್ಲಿಗೆ ಹೋಗಿದ್ದರು, ಆ ವೈದ್ಯೆ ಅವತ್ತು ಬರಲಿಲ್ಲ, ಕಾದು ಕಾದು ಇವರು ಮರಳಿ ಬಂದರು ಎಂಬ ಸಂಗತಿಯನ್ನು ಕಾರ್ನಾಡರು ಮೊದಲಿಗೇ ಹೇಳಿಬಿಡುತ್ತಾರೆ. ಪುಸ್ತಕವನ್ನು ಆ ವೈದ್ಯೆ ಡಾ. ಮಧುಮಾಲತಿ ಗುಣೆಯವರಿಗೇ ಅರ್ಪಿಸಿದ್ದಾರೆ. ಮನೆಯವರ ಮಾತನ್ನು ಹೀಗೆ ಬಯಲಲ್ಲಿ ಇಡಬಹುದೇ ಎಂದು ಮೊದಲು ಅನಿಸಿತು. ಎರಡು ದಿನ ಪುಸ್ತಕ ಮುಚ್ಚಿಟ್ಟೆ. ಆಮೇಲೆ ತೆಗೆದಾಗ ಬಿಡಲಾಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಭಾಷೆಯದು. ಕಾರ್ನಾಡರ ಮನೆಮಾತು ಕೊಂಕಣಿ. 1938ರಲ್ಲಿ ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನದಲ್ಲಿ. ಮೊದಲ ಅಕ್ಷರ ಕಲಿತದ್ದು ಮರಾಠಿಯಲ್ಲಿ. ತಂದೆಯ ನೌಕರಿಯಿಂದಾಗಿ ಶಿರಸಿಗೆ ಬಂದ ಮೇಲೆ ಕನ್ನಡ, ಆಮೇಲೆ ಧಾರವಾಡ. ಕರ್ನಾಟಕ ಕಾಲೇಜಿನಲ್ಲಿ ಪದವಿಗೆ ಆರಿಸಿಕೊಂಡದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಅದರಲ್ಲಿ ಅಂಕ ಚೆನ್ನಾಗಿ ಬೀಳುತ್ತವೆ, ಪ್ರಥಮ ದರ್ಜೆ ಬಂದರೆ ಶಿಷ್ಯವೇತನದ ಮೇಲೆ ವಿದೇಶಕ್ಕೆ ಹೋಗಬಹುದು ಎಂಬ ಲೆಕ್ಕಾಚಾರ. ಇದನ್ನು ಓದಿ ನನಗೆ ನಗು ಬಂತು, ಏಕೆಂದರೆ ನಾನು ಗಣಿತ ತೆಗೆದುಕೊಂಡದ್ದೂ ಅಂಕದ ಆಸೆಗೇ. ಆ ಗಣಿತವೇ ನಾಟಕ ಕಟ್ಟುವ ಕೆಲಸದಲ್ಲಿ ನೆರವಾಯಿತು ಎಂದು ಅವರು ಹೇಳಿಕೊಂಡಿದ್ದಾರೆ. ನನ್ನ ಲೆಕ್ಕ ಇನ್ನೂ ಅಲ್ಲಿಗೆ ತಲುಪಿಲ್ಲ.

ಅವರಿಗೆ ಆಗಬೇಕೆಂದಿದ್ದದ್ದು ಇಂಗ್ಲಿಷ್ ಕವಿ. ಆಕ್ಸ್‌ಫರ್ಡಿಗೆ ಹೋಗಲು ರೋಡ್ಸ್ ಶಿಷ್ಯವೇತನ ಸಿಕ್ಕಿತು. ಮನೆಯವರಿಗೆ ಹೆಮ್ಮೆಯ ಜೊತೆಗೇ ಭಯ: ಮಗ ಹಿಂದಿರುಗುತ್ತಾನೋ ಇಲ್ಲವೋ, ಅಲ್ಲಿಯೇ ಮದುವೆಯಾಗಿ ಉಳಿದರೆ ಹೇಗೆ. ಆ ಒತ್ತಡದ ದಿನಗಳಲ್ಲಿ, 1960ರಲ್ಲಿ ಹಡಗು ಹತ್ತುವ ಮೊದಲು, ಅವರು ಕೂತು ಬರೆದದ್ದು ‘ಯಯಾತಿ’. ಇಂಗ್ಲಿಷ್ ಕವಿತೆ ಬರಬೇಕಾದ ಕೈಯಿಂದ ನಾಟಕ ಬಂತು, ಅದೂ ಕನ್ನಡದಲ್ಲಿ, ವಸ್ತು ಮಹಾಭಾರತದ್ದು. ಪಾತ್ರಗಳು ತನ್ನ ಕಿವಿಯಲ್ಲಿ ಮಾತಾಡುತ್ತಿದ್ದವು, ತಾನು ಬರೆದುಕೊಳ್ಳುತ್ತಿದ್ದೆ ಎಂಬ ಅರ್ಥದಲ್ಲಿ ಕಾರ್ನಾಡರು ಅದನ್ನು ನೆನೆಯುತ್ತಾರೆ. ತಂದೆಯ ಮುಪ್ಪನ್ನು ಮಗ ಪುರು ಹೊರುವ ಕಥೆ ತನಗೆ ಆ ಹೊತ್ತಿಗೆ ಏಕೆ ಬೇಕಾಯಿತು ಎಂಬುದು ಅವರಿಗೆ ಅರ್ಥವಾದದ್ದು ಬರೆದ ಮೇಲೆಯೇ. 1961ರಲ್ಲಿ ಗ್ರಂಥಮಾಲೆ ಅದನ್ನು ಅಚ್ಚು ಹಾಕಿತು.

ಈ ಪುಟಗಳನ್ನು ಓದಿದ್ದು ಸದಲಗಾದ ನನ್ನ ಬಾಡಿಗೆ ಕೋಣೆಯಲ್ಲಿ, ರಾತ್ರಿ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು. ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡಿದರೆ ಈ ರಸ್ತೆಗೆ ನಿದ್ದೆಯಿಲ್ಲ. ಆ ಸದ್ದು ಕೇಳುತ್ತ ಕೇಳುತ್ತ ಎಂಟನೆಯ ತರಗತಿಯ ಒಬ್ಬ ಹುಡುಗನ ನೆನಪಾಗಿ ಪುಸ್ತಕ ಮಡಚಿದೆ.

ಅದಕ್ಕೆ ಹದಿನೈದು ದಿನ ಮೊದಲು ನಾನು ಆ ತರಗತಿಗೆ ‘ಘರ್ಷಣೆ’ ಪಾಠ ಮಾಡಿದ್ದೆ. ಐದು ಹಂತಗಳ ಯೋಜನೆ ಕ್ರಮವಾಗಿಯೇ ಇತ್ತು. ಸ್ಪ್ರಿಂಗ್ ತ್ರಾಸಿಗೆ ಇಟ್ಟಿಗೆ ಕಟ್ಟಿ ಎಳೆಸಿದೆ, ಒಮ್ಮೆ ಬರಿಯ ನೆಲದ ಮೇಲೆ, ಒಮ್ಮೆ ಗೋಣಿಚೀಲದ ಮೇಲೆ. ಕೊನೆಗೆ ‘ನೀವು ನೋಡಿದ ಒಂದು ಉದಾಹರಣೆಯನ್ನು ನಿಮ್ಮ ಸ್ವಂತ ವಾಕ್ಯದಲ್ಲಿ ಬರೆಯಿರಿ’ ಎಂದು ಮನೆಗೆಲಸ ಕೊಟ್ಟೆ. ಮೂವತ್ತೆಂಟು ಮಕ್ಕಳಲ್ಲಿ ಹೆಚ್ಚಿನವರು ಗೈಡಿನಲ್ಲಿದ್ದ ಒಂದೇ ವಾಕ್ಯವನ್ನು ಬರೆದು ತಂದಿದ್ದರು. ಈ ಹುಡುಗ ಮಾತ್ರ ಹೀಗೆ ಬರೆದಿದ್ದ:

“ಮಳಿ ಆದಾಗ ಟ್ರ್ಯಾಕ್ಟರ್ ಗಾಲಿ ಇದ್ದಲ್ಲೇ ತಿರಗತೈತಿ, ಮುಂದ ಹೋಗೂದಿಲ್ಲ. ನಮ್ಮಪ್ಪ ಗಾಲಿ ಬುಡಕ ರವದಿ ಹಾಕತಾನ. ಆಗ ಗಾಲಿಗಿ ಹಿಡತ ಸಿಗತೈತಿ.”

ರವದಿ ಎಂದರೆ ಕಬ್ಬಿನ ಒಣಗಿದ ಎಲೆ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯ ಓದುಗರಿಗಾಗಿ ಹೇಳಿದೆ. ನಾನು ಕೆಂಪು ಪೆನ್ನು ತೆಗೆದು ‘ಮಳಿ’ಯನ್ನು ‘ಮಳೆ’ ಮಾಡಿದೆ, ‘ತಿರಗತೈತಿ’ಯನ್ನು ‘ತಿರುಗುತ್ತದೆ’ ಮಾಡಿದೆ, ‘ಹಿಡತ’ಕ್ಕೆ ಅಡ್ಡಗೆರೆ ಹಾಕಿ ಮೇಲೆ ‘ಘರ್ಷಣೆ’ ಎಂದು ಬರೆದೆ. ಕೆಳಗೆ ‘ಶುದ್ಧ ಭಾಷೆ ಬಳಸು’ ಎಂಬ ಷರಾ. ಮೂರು ಸಾಲಿನಲ್ಲಿ ಒಂಬತ್ತು ಕಡೆ ಕೆಂಪು. ತಿದ್ದುವುದು ಶಿಕ್ಷಕಿಯ ಶ್ರದ್ಧೆ ಎಂದೇ ತಿಳಿದಿದ್ದೆ. ಮುಂದಿನ ಮನೆಗೆಲಸಕ್ಕೆ ಅವನು ಗೈಡಿನ ವಾಕ್ಯವನ್ನು ಒಂದು ತಪ್ಪೂ ಇಲ್ಲದೆ ಬರೆದು ತಂದ. ನಾನು ‘ಉತ್ತಮ’ ಎಂದು ಸಹಿ ಮಾಡಿದೆ.

ಕಾರ್ನಾಡರ ಪುಸ್ತಕ ಓದುತ್ತಿದ್ದ ರಾತ್ರಿ ಆ ‘ಉತ್ತಮ’ ನನ್ನನ್ನು ಚುಚ್ಚಿತು. ಆದರೆ ಅದಕ್ಕಿಂತ ದೊಡ್ಡ ತಪ್ಪು ಗೊತ್ತಾದದ್ದು ಮರುದಿನ, ಅವನ ವಾಕ್ಯವನ್ನು ಭೌತಶಾಸ್ತ್ರದ ಕಣ್ಣಿನಿಂದ ಮತ್ತೆ ನೋಡಿದಾಗ.

ನನ್ನ ಪಾಠದಲ್ಲಿ ಘರ್ಷಣೆ ಎಂದರೆ ಚಲನೆಯನ್ನು ವಿರೋಧಿಸುವ ಬಲ. ಇಟ್ಟಿಗೆಯ ಪ್ರಯೋಗದಲ್ಲೂ ಮಕ್ಕಳು ಕಂಡದ್ದು ಅದನ್ನೇ: ಗೋಣಿಚೀಲದ ಮೇಲೆ ಎಳೆಯಲು ಹೆಚ್ಚು ಬಲ ಬೇಕು. ಇದರಿಂದ ಘರ್ಷಣೆ ಯಾವಾಗಲೂ ಅಡ್ಡಿಯೇ ಎಂಬ ತಪ್ಪು ಕಲ್ಪನೆ ಬೇರೂರುತ್ತದೆ. ಈ ಹುಡುಗ ಬರೆದದ್ದು ಅದಕ್ಕೆ ಎದುರಾದ ಸಂಗತಿ. ಅವನ ಟ್ರ್ಯಾಕ್ಟರಿಗೆ ಮುಂದೆ ಹೋಗಲು ಘರ್ಷಣೆ ಬೇಕು, ಅದು ಸಾಲದೆ ನಿಂತಿದೆ. ಎಂಜಿನ್ ಗಾಲಿಯನ್ನು ತಿರುಗಿಸಿದಾಗ ನೆಲಕ್ಕೆ ತಾಗಿದ ಭಾಗ ಹಿಂದಕ್ಕೆ ಜಾರಲು ನೋಡುತ್ತದೆ. ನೆಲ ಮತ್ತು ಗಾಲಿಯ ನಡುವಿನ ಘರ್ಷಣೆ ಆ ಜಾರುವಿಕೆಯನ್ನು ವಿರೋಧಿಸುತ್ತದೆ, ಹಾಗಾಗಿ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಕೆಸರಿನಲ್ಲಿ ಅಷ್ಟು ಘರ್ಷಣೆ ಸಿಗುವುದಿಲ್ಲ, ಗಾಲಿ ಇದ್ದಲ್ಲೇ ಜಾರುತ್ತ ತಿರುಗುತ್ತದೆ. ರವದಿ ಹಾಕಿದಾಗ ಜಾರುವುದು ನಿಂತು ಸ್ಥಾಯಿ ಘರ್ಷಣೆ ಕೆಲಸ ಮಾಡಲು ಅವಕಾಶವಾಗುತ್ತದೆ. ಇದನ್ನೆಲ್ಲ ಅವನು ‘ಹಿಡತ’ ಎಂಬ ಒಂದು ಮಾತಿನಲ್ಲಿ ಹಿಡಿದಿದ್ದ. ನಾನು ಹೊಡೆದುಹಾಕಿದ್ದು ಆ ಮಾತನ್ನೇ.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ಪದವಿಯಲ್ಲಿ ಘರ್ಷಣೆಯ ನಿಯಮಗಳನ್ನು ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ, ಇವತ್ತಿಗೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ. ಆದರೆ ಮೇಲಿನ ವಿವರಣೆಯನ್ನು ನನ್ನ ಮಾತಿನಲ್ಲಿ ಬರೆಯಲು ಅವತ್ತು ನನಗೆ ನಾಲ್ಕು ಹಾಳೆ ಹರಿಯಬೇಕಾಯಿತು. ಬರೆಯುತ್ತ ಹೋದಾಗಲೇ ಗೊತ್ತಾಯಿತು, ಗಾಲಿಯ ಮೇಲೆ ಘರ್ಷಣೆಯ ದಿಕ್ಕು ಯಾವ ಕಡೆ ಎಂಬುದು ನನಗೇ ಸ್ಪಷ್ಟವಿರಲಿಲ್ಲ. ಬಾಯಿಪಾಠ ಆ ಸಂದೇಹವನ್ನು ಇಷ್ಟು ವರ್ಷ ಮುಚ್ಚಿಟ್ಟಿತ್ತು. ಬರೆದ ಮೇಲೆಯೇ ತನ್ನ ವಿಷಯ ಏನೆಂದು ತಿಳಿದ ಕಾರ್ನಾಡರ ಅನುಭವ ನನಗೆ ಈ ರೀತಿಯಲ್ಲಿ, ಬಹಳ ಸಣ್ಣ ಅಳತೆಯಲ್ಲಿ, ನಿಜವಾಯಿತು.

ಎರಡನೆಯ ಹಂತದ ಬೋಧನಾಭ್ಯಾಸಕ್ಕೆ ಅದೇ ತರಗತಿ ಸಿಕ್ಕಿತು. ಮೊದಲು ಆ ಹುಡುಗನ ಹತ್ತಿರ ಹೋಗಿ, ನಿನ್ನ ಹಳೆಯ ವಾಕ್ಯವನ್ನು ಕರಿಹಲಗೆಯ ಮೇಲೆ ಬರೆಯಲೇ ಎಂದು ಕೇಳಿದೆ. “ಬ್ಯಾಡ್ರೀ ಟೀಚರ್, ಅದು ತಪ್ಪೈತಿ” ಎಂದ. ತಪ್ಪು ನಿನ್ನದಲ್ಲ, ನಂದು ಎಂದು ಹೇಳಲು ನನಗೆ ಸಂಕೋಚವಾಯಿತು, ಆದರೂ ಹೇಳಿದೆ. ಅವನು ತಲೆ ತಗ್ಗಿಸಿ ಹೂಂ ಅಂದ. ಕರಿಹಲಗೆಯ ಮೇಲೆ ಅವನ ಮೂರು ಸಾಲನ್ನು ಅವನ ಕಾಗುಣಿತದಲ್ಲಿಯೇ ಬರೆದು, ಇದರಲ್ಲಿ ವಿಜ್ಞಾನ ಎಲ್ಲಿದೆ ಹುಡುಕಿ ಎಂದೆ.

ಅವತ್ತಿನ ಗದ್ದಲ ನನ್ನ ಯಾವ ಪಾಠಯೋಜನೆಯಲ್ಲೂ ಬರೆದಿರಲಿಲ್ಲ. ಒಬ್ಬಳು ನೆನೆದ ಬಾವಿ ಹಗ್ಗದ ವಿಷಯ ತೆಗೆದಳು. ಒಬ್ಬ, ಸೈಕಲ್ ಬ್ರೇಕಿನ ರಬ್ಬರು ಸವೆದರೆ ಹಿಡಿತ ಹೋಗುತ್ತದೆ ಎಂದ. ಮನೆಯಲ್ಲಿ ಮರಾಠಿ ಆಡುವ ಹುಡುಗಿಯೊಬ್ಬಳು ‘ಹಿಡತ’ಕ್ಕೆ ತಮ್ಮ ಮನೆಯಲ್ಲಿ ‘ಪಕಡ’ ಅನ್ನುತ್ತಾರೆ ಎಂದಳು. ಇಚಲಕರಂಜಿಯಲ್ಲಿ ಮರಾಠಿ ಶಾಲೆಗೆ ಹೋಗುವ ಅವಳ ಅಣ್ಣನ ಪುಸ್ತಕದಲ್ಲೂ ‘ಘರ್ಷಣ’ ಎಂದೇ ಇದೆಯಂತೆ. ಸ್ವಾರಸ್ಯ ನೋಡಿ: ಪುಸ್ತಕದ ಮಾತು ಗಡಿಯ ಎರಡೂ ಕಡೆ ಒಂದೇ, ಬೇರೆ ಬೇರೆ ಇರುವುದು ಮನೆಯ ಮಾತುಗಳು. ಕರಿಹಲಗೆಯಲ್ಲಿ ಎರಡು ಕಲಂ ಮಾಡಿ ಒಂದಕ್ಕೆ ‘ನಮ್ಮ ಮಾತು’, ಇನ್ನೊಂದಕ್ಕೆ ‘ಪುಸ್ತಕದ ಮಾತು’ ಎಂದು ಹೆಸರಿಟ್ಟೆ. ಹಿಡತ, ಪಕಡ ಎರಡೂ ಮೊದಲ ಕಲಮಿಗೆ ಬಂದವು. ಎರಡನೆಯದರಲ್ಲಿ ಬರಿಯ ‘ಘರ್ಷಣೆ’ ಸಾಲದೆಂದು ಮಕ್ಕಳಿಗೇ ಗೊತ್ತಾಯಿತು, ಏಕೆಂದರೆ ಜಾರುವುದು ಬೇರೆ, ಹಿಡಿದು ನಿಲ್ಲುವುದು ಬೇರೆ. ಜಾರು ಘರ್ಷಣೆ, ಸ್ಥಾಯಿ ಘರ್ಷಣೆ ಎಂಬ ಪದಗಳು ಬೇಕಾಗಿ ಬಂದದ್ದು ಆಗ. ಹಿಂದಿನ ಪಾಠದಲ್ಲಿ ನಾನು ಅವನ್ನು ಮೊದಲೇ ಕೊಟ್ಟಿದ್ದೆ, ಯಾರಿಗೂ ಬೇಕಾಗಿರಲಿಲ್ಲ.

ಶಾಲೆಯ ಮಾರ್ಗದರ್ಶಕ ಗುರುಗಳು ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು. ಪಾಠ ಮುಗಿದ ಮೇಲೆ ಹೇಳಿದರು: “ಪಾಠ ಛಲೋ ಆತು ಬಾಯಾರ. ಆದ್ರ ಎಸ್ಸೆಸ್ಸೆಲ್ಸಿ ಪೇಪರ್ ನೋಡಾವರು ಹಿಡತಕ್ಕ ಮಾರ್ಕ್ಸ್ ಕೊಡೂದಿಲ್ಲ. ಇವ್ರು ಇನ್ನ ಎರಡ ವರ್ಷದಾಗ ಪರೀಕ್ಷಾ ಬರಿಬೇಕು.” ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಪುಸ್ತಕದ ಮಾತನ್ನು ಮಕ್ಕಳು ಕಲಿಯಲೇಬೇಕು. ಅದಿಲ್ಲದೆ ಮುಂದಿನ ತರಗತಿಯ ಪುಸ್ತಕ ಅವರಿಗೆ ತೆರೆಯುವುದಿಲ್ಲ, ಬೇರೆ ಊರಿನವರೊಡನೆ ವಿಜ್ಞಾನ ಮಾತಾಡಲೂ ಆಗುವುದಿಲ್ಲ. ನನ್ನ ವಾದ ಇಷ್ಟೇ, ಯಾವುದು ಮೊದಲು ಎಂಬುದರ ಬಗ್ಗೆ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳಿದ್ದನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದವರೇ. ಆ ಜೋಡಣೆ ಎಲ್ಲಿ ಕಡಿಯುತ್ತದೆ ಎಂದು ಹುಡುಕಿದರೆ, ನನ್ನ ತರಗತಿಯಲ್ಲಿ ಅದು ಕಡಿದದ್ದು ಕೆಂಪು ಪೆನ್ನಿನ ತುದಿಯಲ್ಲಿ.

ಕಾರ್ನಾಡರ ಅನುಭವವನ್ನು ಹಾಗೆಯೇ ಎತ್ತಿ ತರಗತಿಗೆ ತರಲು ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಪಾತ್ರಗಳು ಕಿವಿಯಲ್ಲಿ ಮಾತಾಡಿದವು ಎಂಬ ಮಾತನ್ನು ನಂಬಿಕೊಂಡು ನಾನು ಒಂದು ದಿನ ‘ಏನು ಬೇಕಾದರೂ ಬರೆಯಿರಿ’ ಎಂದು ಬಿಟ್ಟೆ. ಅರ್ಧ ತಾಸಿನಲ್ಲಿ ಹೆಚ್ಚಿನವರು ಹೆಸರು, ತರಗತಿ, ದಿನಾಂಕ ಬರೆದು ಕೂತಿದ್ದರು. ಕಾರ್ನಾಡರಿಗೆ ‘ಯಯಾತಿ’ ಥಟ್ಟನೆ ಬಂದಿರಬಹುದು, ಅದರ ಹಿಂದೆ ಶಿರಸಿಯಲ್ಲಿ ನೋಡಿದ ನಾಟಕ ಕಂಪನಿಗಳಿದ್ದವು, ಮನೆಯ ಮಾತುಕತೆಯಿತ್ತು, ಓದಿದ ಮಹಾಭಾರತವಿತ್ತು. ಬರೆದದ್ದನ್ನು ಓದುವವರೂ ಇದ್ದರು. ಧಾರವಾಡದ ಸುಭಾಸ ರಸ್ತೆಯಲ್ಲಿ ಗ್ರಂಥಮಾಲೆಯ ‘ಅಟ್ಟ’ ಇದೆ. 1933ರಲ್ಲಿ ಗ್ರಂಥಮಾಲೆ ಶುರುಮಾಡಿದ ಜಿ. ಬಿ. ಜೋಶಿ, ಅವರ ಜೊತೆಗೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ, ಇವರು ಹೊಸಬರ ಹಸ್ತಪ್ರತಿ ಓದಿ ಮಾತಾಡುತ್ತಿದ್ದವರು. ನನಗೆ ಪುಸ್ತಕದಲ್ಲಿ ಬಹಳ ಮೆಚ್ಚುಗೆಯಾದ ಜಾಗ ಈ ಅಟ್ಟ. ಬರೆಯುವವನಿಗೆ ಪ್ರತಿಭೆಯ ಜೊತೆಗೆ ಒಬ್ಬ ಮೊದಲ ಓದುಗ ಬೇಕು. ನಮ್ಮ ಮಕ್ಕಳ ಬರಹಕ್ಕೆ ಸಿಗುವ ಮೊದಲ ಓದುಗ ಶಿಕ್ಷಕ ಅಥವಾ ಶಿಕ್ಷಕಿ, ಅವರು ಓದುವುದಾದರೂ ತಪ್ಪು ಎಣಿಸಲು.

ಆದ್ದರಿಂದ ಒಂದು ಸಣ್ಣ ಬದಲಾವಣೆ ಮಾಡಿಕೊಂಡೆ. ವಾರಕ್ಕೊಂದು ವೀಕ್ಷಣೆಯನ್ನು ಮಕ್ಕಳು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಮೊದಲ ಸಲ ನಾನೂ ಪೆನ್ಸಿಲಿನಲ್ಲೇ ಒಂದು ಪ್ರಶ್ನೆ ಮಾತ್ರ ಬರೆಯುತ್ತೇನೆ. ಕಾಗುಣಿತ, ಪಾರಿಭಾಷಿಕ ಪದ ಎಲ್ಲ ಎರಡನೆಯ ಬರವಣಿಗೆಯಲ್ಲಿ. ಮೂವತ್ತೆಂಟು ಪುಸ್ತಕಕ್ಕೆ ಪ್ರಶ್ನೆ ಬರೆಯುವುದು ತಪ್ಪು ತಿದ್ದುವುದಕ್ಕಿಂತ ಬಹಳ ಹೊತ್ತು ಹಿಡಿಯುತ್ತದೆ. ಬೋಧನಾಭ್ಯಾಸದಲ್ಲಿ ಇರುವುದು ದಿನಕ್ಕೆರಡು ಪಾಠ, ಅದಕ್ಕೇ ಸಾಧ್ಯವಾಯಿತು. ದಿನಕ್ಕೆ ಆರು ಅವಧಿ ತೆಗೆದುಕೊಳ್ಳುವ ಶಿಕ್ಷಕರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ. ಎಲ್ಲರೂ ಬದಲಾದರು ಎಂದೂ ಹೇಳಲಾರೆ. ಗೈಡಿನ ವಾಕ್ಯ ಬಿಡದವರು ಕೊನೆಯವರೆಗೂ ಏಳೆಂಟು ಮಂದಿ ಇದ್ದರು.

ಕಾರ್ನಾಡರು ಹರೆಯದಲ್ಲಿ ಪ್ರಸಿದ್ಧರ ಚಿತ್ರ ಬರೆದು ಅವರಿಗೇ ಕಳಿಸಿ ಸಹಿ ಕೇಳುತ್ತಿದ್ದರಂತೆ. ಐರಿಶ್ ನಾಟಕಕಾರ ಶಾನ್ ಒ’ಕೇಸಿ ಮಾತ್ರ, ಹೀಗೆ ಕಾಲ ಕಳೆಯಬೇಡ, ನಾಳೆ ಜನ ನಿನ್ನ ಸಹಿ ಕೇಳುವಂಥ ಕೆಲಸ ಮಾಡು ಎಂಬ ಅರ್ಥದ ಉತ್ತರ ಬರೆದ. ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಸಾಲಿನಿಂದ ಒಂದು ದನಿ ಬಂತು: “ಸದಲಗಾದಾವರ ಸಹಿ ಯಾರ ಕೇಳತಾರ್ರೀ?” ಎಲ್ಲರೂ ನಕ್ಕರು. ಆಗ ಇನ್ನೊಬ್ಬ ಹುಡುಗನೇ ಎದ್ದು ಆಚಾರ್ಯ ವಿದ್ಯಾಸಾಗರರ ಹೆಸರು ಹೇಳಿದ. 1946ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿ, ಜೈನ ಮುನಿಯಾಗಿ, 2024ರ ಫೆಬ್ರುವರಿಯಲ್ಲಿ ಛತ್ತೀಸಗಡದ ಡೋಂಗರಗಡದಲ್ಲಿ ದೇಹ ಬಿಟ್ಟವರು. ಮಣ್ಣು ಕುಂಬಾರನ ಕೈಯಲ್ಲಿ ಕೊಡವಾಗುವ ಕಥೆಯ ‘ಮೂಕಮಾಟಿ’ ಮಹಾಕಾವ್ಯವನ್ನು ಅವರು ಬರೆದದ್ದು ಹಿಂದಿಯಲ್ಲಿ. ಕೊಂಕಣಿಯವರು ಕನ್ನಡದಲ್ಲಿ, ಸದಲಗಾದ ಕನ್ನಡದವರು ಹಿಂದಿಯಲ್ಲಿ! ಬರಹಕ್ಕೆ ಮನೆಮಾತೇ ಬೇಕೆಂಬ ನನ್ನ ಹೊಸ ಹುಮ್ಮಸ್ಸಿಗೆ ಆ ಹುಡುಗ ತಿಳಿಯದೆಯೇ ಒಂದು ಅಡ್ಡಪ್ರಶ್ನೆ ಹಾಕಿದ್ದ. ಬದುಕು ಯಾವ ಮಾತಿನಲ್ಲಿ ನಡೆಯುತ್ತದೋ ಬರಹ ಅಲ್ಲಿ ಬೆಳೆಯಬಹುದು, ಅದು ಹುಟ್ಟಿದ ಮನೆಯದೇ ಆಗಬೇಕೆಂದಿಲ್ಲ ಎಂದು ಈಗ ಅನಿಸುತ್ತದೆ. ಎಂಟನೆಯ ತರಗತಿಯವರ ಬದುಕು ಸದ್ಯಕ್ಕೆ ನಡೆಯುತ್ತಿರುವುದು ದೂಧಗಂಗೆಯ ದಂಡೆಯ ಈ ಕಬ್ಬಿನ ಹೊಲಗಳಲ್ಲಿ.

ಬೋಧನಾಭ್ಯಾಸದ ಕೊನೆಯ ವಾರ ರವದಿಯ ಹುಡುಗ ಊಟದ ಬಿಡುವಿನಲ್ಲಿ ಶಿಕ್ಷಕರ ಕೋಣೆಯ ಬಾಗಿಲಿಗೆ ಬಂದು ನಿಂತ. “ಟೀಚರ್, ರವದಿ ತೊಯ್ದಿತ್ತಂದ್ರ ಹಿಡತ ಕಡಿಮಿ ಆಗತೈತೇನ್ರೀ?” ನನಗೆ ಗೊತ್ತಿರಲಿಲ್ಲ. ಸ್ಪ್ರಿಂಗ್ ತ್ರಾಸು, ಇಟ್ಟಿಗೆ ತೆಗೆದುಕೊಂಡು ಅಂಗಳಕ್ಕೆ ಹೋದೆವು. ಅವನು ಹೊಲದಿಂದ ಎರಡು ಹೊರೆ ರವದಿ ಮೊದಲೇ ತಂದಿಟ್ಟಿದ್ದ, ಒಂದನ್ನು ಬೋರಿನ ನೀರಿನಲ್ಲಿ ತೋಯಿಸಿದ. ಒಣಗಿದ್ದರ ಮೇಲೆ ಮೂರು ಸಲ, ತೊಯ್ದದ್ದರ ಮೇಲೆ ಮೂರು ಸಲ ಎಳೆದೆವು. ಒಂದು ಸಲದ ಅಳತೆ ಇನ್ನೊಂದು ಸಲಕ್ಕೆ ಹೊಂದಲಿಲ್ಲ, ಎಲೆಗಳು ಇಟ್ಟಿಗೆಯ ಜೊತೆಗೇ ಜರುಗುತ್ತಿದ್ದವು. ಹೊಂದುವ ಅಳತೆ ಯಾವುದೋ ಅದನ್ನಷ್ಟೇ ಬರೆದುಕೋ ಎಂದು ಹಳೆಯ ಅಭ್ಯಾಸದಿಂದ ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವನು ಆರೂ ಅಳತೆಗಳನ್ನು ಪೆನ್ಸಿಲಿನಲ್ಲಿ ಬರೆದು, ಕೆಳಗೆ “ರವದಿ ಸರಿಯಾತು, ಮತ್ತ ನೋಡಬೇಕು” ಎಂದು ಸೇರಿಸಿದ್ದ.